ಒಂದು ರಿಂಗ್, ಒಂದು ಬುಟ್ಟಿ ಕೆಂಪು ಬಾಳೆ

ಫೋನು ಒಂದೇ ಒಂದು ಸಲ ರಿಂಗಾಗಿ ಸುಮ್ಮನಾದರೆ ಈಗಿನವರು ಮಿಸ್ಡ್ ಕಾಲ್ ಎನ್ನುತ್ತಾರೆ, ಬೇಕಿದ್ದರೆ ಮತ್ತೆ ಮಾಡುತ್ತಾರೆ ಬಿಡು ಎಂದು ಸುಮ್ಮನಿರುತ್ತಾರೆ. ನನಗೆ ಹಾಗೆ ಬಿಡಲು ಆಗುವುದಿಲ್ಲ. ಆ ಒಂದು ರಿಂಗ್ ಕಿವಿಗೆ ಬಿದ್ದರೆ ಸಾಕು, ಸೇಡಂ ರಸ್ತೆಯ ಈ ಮೂರನೆಯ ಮಹಡಿಯಲ್ಲಿ ಕುಳಿತವಳ ಮೂಗಿಗೆ ಕೆಂಪು ಬಾಳೆಹಣ್ಣಿನ ವಾಸನೆ ಬರುತ್ತದೆ, ಅಂಗಾಲಿಗೆ ಗಾಜಿಪುರದ ಅಂಗಳಕ್ಕೆ ಹಾಸಿದ್ದ ಪರಸಿ ಕಲ್ಲು ಚುರುಕ್ಕೆನ್ನುತ್ತದೆ. ಮೊನ್ನೆ ಭಾನುವಾರ ಸಂಜೆಯೂ ಹಾಗೇ ಆಯಿತು. ಟಿ.ವಿ.ಯಲ್ಲಿ ದೇಶದ ಫುಟ್‌ಬಾಲ್ ಕಪ್ಪಿನ ಫೈನಲ್ ನಡೆದಿತ್ತು. ಪೂರ್ತಿ ಆಟ ಮುಗಿದರೂ ತೀರ್ಮಾನವಾಗಲಿಲ್ಲ, ಮೇಲೆ ಅರ್ಧ ತಾಸು ಹೆಚ್ಚಿಗೆ ಆಡಿಸಿದರೂ ಆಗಲಿಲ್ಲ, ಕೊನೆಗೆ ಪೆನಾಲ್ಟಿ ಶೂಟೌಟಿಗೆ ಬಂತು. ಇಷ್ಟು ಹೊತ್ತು ಇಪ್ಪತ್ತೆರಡು ಮಂದಿ ಓಡಾಡಿದ ಆಟ ಆಗ ಇಬ್ಬರದಾಗಿಬಿಡುತ್ತದೆ. ಒಬ್ಬ ಹೊಡೆಯಬೇಕು, ಒಬ್ಬ ಹಿಡಿಯಬೇಕು. ನನಗೆ ಯಾವಾಗಲೂ ಹಿಡಿಯುವವನ ಮೇಲೇ ಕಣ್ಣು. ಕೊನೆಯ ಚೆಂಡನ್ನು ಆ ಹುಡುಗ ಬಲಕ್ಕೆ ಹಾರಿ ತಡೆದ, ಅವನ ಕಡೆಯವರೆಲ್ಲ ಓಡಿ ಬಂದು ಅವನ ಮೇಲೆ ಬಿದ್ದರು. ಅಷ್ಟರಲ್ಲಿ ಮೇಜಿನ ಮೇಲಿದ್ದ ನನ್ನ ಫೋನು ಒಂದು ಸಲ ರಿಂಗಾಗಿ ನಿಂತಿತು. ಯಾರದೆಂದು ನೋಡುವ ಅಗತ್ಯವೇ ಇರಲಿಲ್ಲ.

ನಾನು ಬೆಳೆದ ಮನೆ ಇದೇ ಊರಿನ ಗಾಜಿಪುರದ ಒಂದು ಓಣಿಯೊಳಗಿತ್ತು. ಮನೆಗಳು ಎರಡು, ಅಂಗಳ ಒಂದು. ಈ ಬದಿಗೆ ನಾವು. ಆ ಬದಿಗೆ ಗಾದಿ ಚಾಚಾ ಮತ್ತು ಅವರ ಹೆಂಡತಿ, ನಮ್ಮ ಖಾಲಾ. ಚಾಚಾ ಬಜಾರಿನಲ್ಲಿ ಗಾದಿ ಹೊಲಿಯುವ ಅಂಗಡಿ ಇಟ್ಟಿದ್ದರು. ಗಡ್ಡದಲ್ಲಿ, ಹುಬ್ಬಿನಲ್ಲಿ ಸದಾ ಹತ್ತಿಯ ಎಳೆ ಅಂಟಿಕೊಂಡಿರುತ್ತಿದ್ದುದರಿಂದ ಅವರು ಹುಟ್ಟಿದಾಗಿನಿಂದ ಮುದುಕರೇ ಎಂದು ನಾನು ನಂಬಿದ್ದೆ. ಖಾಲಾಳ ಹೆಸರು ನನಗೆ ಬಹಳ ದಿನ ಗೊತ್ತೇ ಇರಲಿಲ್ಲ. ಖಾಲಾ ಎಂದರೆ ಖಾಲಾ, ಅವಳಿಗೆ ಇನ್ನೊಂದು ಹೆಸರು ಏಕೆ ಬೇಕು? ಅವರ ಮನೆಯೊಳಗೆ ಉರ್ದು, ನಮ್ಮ ಮನೆಯೊಳಗೆ ಕನ್ನಡ, ಅಂಗಳದಲ್ಲಿ ಎರಡನ್ನೂ ಕಲಸಿದ ಒಂದು ಭಾಷೆ. ಓಣಿಗೆಲ್ಲ ಇದ್ದ ಒಂದೇ ಫೋನು ಅವರ ಪಡಸಾಲೆಯಲ್ಲಿ ಖಾಲಾ ಹೆಣೆದ ಬಿಳಿ ಬಟ್ಟೆ ಹೊದ್ದು, ಮದುವೆಯ ಹೆಣ್ಣಿನ ಹಾಗೆ ಕುಳಿತಿರುತ್ತಿತ್ತು. ಅವರ ಮಗ ಇಲಿಯಾಸ್ ಭಾಯಿ ಅಂಗಡಿಗೆ ಅರಿವೆ ತರಲು ಆಗಾಗ ಹೈದರಾಬಾದಿಗೆ ಹೋಗುವನು. ಅಲ್ಲಿ ಮುಟ್ಟಿದೊಡನೆ ಬೂತಿನಿಂದ ಒಂದು ರಿಂಗ್ ಕೊಟ್ಟು ಇಟ್ಟುಬಿಡಬೇಕು, ಇಲ್ಲಿ ಯಾರೂ ಎತ್ತಬಾರದು, ತಿರುಗಿ ಮಾಡಬಾರದು. ರಿಂಗ್ ಬಂತೆಂದರೆ ಹುಡುಗ ಸುಖವಾಗಿ ಮುಟ್ಟಿದ ಎಂದರ್ಥ. ಅದು ಬರುವವರೆಗೆ ಖಾಲಾ ಬಾಯಿಗೆ ಏನನ್ನೂ ಹಾಕುತ್ತಿರಲಿಲ್ಲ. ನಮ್ಮ ಅವ್ವ ಚಹಾ ಕೊಟ್ಟರೂ "ನಕ್ಕೋ ಮಾ, ಬ್ಯಾಡ. ಬಚ್ಚಾ ರಸ್ತಾದಾಗ ಇದ್ದಾಗ ನನಗ ಗಂಟಲದಾಗ ಏನೂ ಇಳಿಯಂಗಿಲ್ಲ" ಎಂದು ತಟ್ಟೆಯನ್ನು ಹಿಂದಕ್ಕೆ ಸರಿಸುವಳು. ನೋಡನೋಡುತ್ತ ಈ ಪದ್ಧತಿ ಓಣಿಗೆಲ್ಲ ಹಬ್ಬಿತು. ಹೆರಿಗೆಗೆ ತವರಿಗೆ ಹೋದವರು, ಪರೀಕ್ಷೆ ಬರೆಯಲು ಹೋದವರು, ಎಲ್ಲರೂ ಗಾದಿ ಚಾಚಾನ ಮನೆಗೆ ಒಂದು ರಿಂಗ್ ಕೊಡುವುದೇ.

ಸುವರ್ಣ ಚಿಗವ್ವ ನಮ್ಮ ಅವ್ವನ ಕೊನೆಯ ತಂಗಿ. ಕಮಲಾಪುರದಲ್ಲಿ ಅವರ ಅಪ್ಪ, ನಮ್ಮ ಮುತ್ಯಾ, ಕೆಂಪು ಬಾಳೆಯ ತೋಟ ಮಾಡಿಕೊಂಡಿದ್ದ. ಆ ಬಾಳೆಯ ಗತ್ತೇ ಬೇರೆ. ಗಿಡ ಆಳೆತ್ತರ ದಾಟಿ ಬಹಳ ಮೇಲಕ್ಕೆ ಹೋಗುತ್ತದೆ, ಗೊನೆ ಭಾರ, ಕೊಯ್ಯುವಾಗ ನೆಲಕ್ಕೆ ಬಿತ್ತೆಂದರೆ ಹಣ್ಣಿನ ಮೈ ಕಪ್ಪಿಟ್ಟು ಬಜಾರಿನಲ್ಲಿ ಯಾರೂ ಮುಟ್ಟಿ ನೋಡುವುದಿಲ್ಲ. ಅದಕ್ಕೆ ಒಬ್ಬರು ಮೇಲೆ ಕುಡುಗೋಲು ಹಾಕಬೇಕು, ಒಬ್ಬರು ಕೆಳಗೆ ನಿಂತು ಗೊನೆಯನ್ನು ಎದೆಗೆ ಹಿಡಿಯಬೇಕು. ಗಂಡುಮಕ್ಕಳಿಲ್ಲದ ಮುತ್ಯಾನಿಗೆ ಮೊದಲು ನಮ್ಮ ಅವ್ವ ಹಿಡಿದಳು, ಅವಳ ಲಗ್ನವಾದ ಮೇಲೆ ಚಿಗವ್ವ ಹಿಡಿದಳು. "ನೆಲಕ್ಕ ಬಿಡಬ್ಯಾಡವಾ" ಎಂದು ಮುತ್ಯಾ ಪ್ರತಿ ಗೊನೆಗೂ ಹೇಳುವನು. ಚಿಗವ್ವ ಬಿಡುತ್ತಿರಲಿಲ್ಲ. ಕಾಲೇಜು ಓದಲೆಂದು ನಮ್ಮ ಮನೆಗೆ ಬಂದ ವರ್ಷ, ಶರಣಬಸವೇಶ್ವರ ಗುಡಿಯ ಕಡೆಯ ಒಂದು ಮೈದಾನ ದಾಟಿ ಬರುತ್ತಿರುವಾಗ ಯಾರೋ ಒದ್ದ ಚೆಂಡು ಮೇಲಿನಿಂದ ಅವಳ ಕಡೆ ಬಂತಂತೆ. ಪುಸ್ತಕಗಳನ್ನು ಧೂಳಿನಲ್ಲಿ ಬಿಟ್ಟು ಚೆಂಡನ್ನು ಎದೆಗೆ ಅವುಚಿಕೊಂಡು ನಿಂತಳು. ಅಲ್ಲಿ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತಿದ್ದ ಪಿ.ಟಿ. ಮಾಸ್ತರರು ಮರುದಿನ ನಮ್ಮ ಮನೆಯ ಬಾಗಿಲಿಗೆ ಬಂದು ಕುಳಿತರು. ಹೀಗೆ ಚಿಗವ್ವ ಗೋಲು ಕಾಯುವವಳು, ಗೋಲಿಯಾದಳು.

ಗೋಲಿ ಎಂದರೆ ಬೀಳುವುದನ್ನು ಕಲಿಯಬೇಕು. ನಮ್ಮ ಅಂಗಳವೋ ಪರಸಿ ಕಲ್ಲಿನದು, ಬಿದ್ದರೆ ಮೊಣಕೈ ಉಳಿಯುವುದಿಲ್ಲ. ಚಾಚಾ ಒಂದು ಸಂಜೆ ಯಾರೋ ಬಿಚ್ಚಲು ಕೊಟ್ಟ ಹಳೆಯ ಗಾದಿಯನ್ನು ಹೊತ್ತು ತಂದು ಅಂಗಳದಲ್ಲಿ ಹಾಸಿದರು. ನಾನು ಚೆಂಡು ಎಸೆಯುವವಳು, ಅವಳು ಹಾರುವವಳು. ಗಾದಿಯಿಂದ ಹತ್ತಿ ಎದ್ದು ಅಂಗಳವೆಲ್ಲ ಬೆಳ್ಳಗಾಗುತ್ತಿತ್ತು. ಖಾಲಾ ಒಣ ಹಾಕಿದ ಮೆಣಸಿನಕಾಯಿಗೆ ಹತ್ತಿ, ಅವ್ವನ ಸಂಡಿಗೆಗೆ ಹತ್ತಿ. "ಈಕಿ ಗೋಲ್ ಹಿಡಿಯೋದು ಕಲಿಯೋದ್ರಾಗ ನಾವು ರುಯಿ ತಿಂದು ಸಾಯತೀವಿ" ಎಂದು ಖಾಲಾ ಬೈಯುತ್ತಲೇ ಬಂದು ನೋಡುತ್ತ ನಿಲ್ಲುವಳು. ಸೆರಗು ಬಿಗಿದು, ಜಡೆಯನ್ನು ಹಿಂದಕ್ಕೆ ಎಸೆದು, ಮೊಣಕಾಲು ಬಾಗಿಸಿ ನಿಂತ ಚಿಗವ್ವನನ್ನು ನೆನೆದರೆ ಈಗಲೂ ನನ್ನ ಎದೆ ತುಂಬುತ್ತದೆ. ಅಷ್ಟು ಚೆಂದದ ಹೆಣ್ಣನ್ನು ನಾನು ಆಮೇಲೆ ಎಲ್ಲಿಯೂ ನೋಡಲಿಲ್ಲ.

ಮುತ್ಯಾನಿಗೆ ಈ ಚೆಂಡಾಟ ಸೇರುತ್ತಿರಲಿಲ್ಲ. ಚಡ್ಡಿ ಹಾಕಿಕೊಂಡು ಊರೂರು ತಿರುಗುವ ಮಗಳ ಮಾತು ಕಮಲಾಪುರದ ಕಟ್ಟೆಗೆ ಮುಟ್ಟಿ, ಅಲ್ಲಿಂದ ಅವನ ಕಿವಿಗೆ ಬರುತ್ತಿತ್ತು. ಅವಳು ದೇಶದ ಹೆಣ್ಣುಮಕ್ಕಳ ಕಪ್ಪಿಗೆ ಆಯ್ಕೆಯಾದ ವರ್ಷವೇ ನಮ್ಮ ಊರಿನದೇ ಬ್ರಹ್ಮಪುರ ಓಣಿಯ ಒಂದು ಮನೆತನದಿಂದ ವರ ಬಂದ. ಒಳ್ಳೆಯ ಮಂದಿ, ಆದರೆ ಲಗ್ನವಾದ ಮೇಲೆ ಆಟ ಇಲ್ಲ ಎಂದು ಮೊದಲೇ ಹೇಳಿದ್ದರು. ಚಿಗವ್ವ ಊಟ ಬಿಟ್ಟಳು. ಮುತ್ಯಾ ಬಸ್ಸು ಹಿಡಿದು ಬಂದು, ನಮ್ಮ ಪಡಸಾಲೆಯಲ್ಲಿ ಕುಳಿತು, ಬಹಳ ಹೊತ್ತು ರುಮಾಲು ಬಿಚ್ಚಿ ಸುತ್ತಿ ಮಾಡಿ, ಕೊನೆಗೆ ಅಂದ: "ಹೋಗಿ ಬಾ. ಗೆದ್ದು ಬಂದ್ರ ನಿನ್ನ ಮಾತು, ಸೋತು ಬಂದ್ರ ನನ್ನ ಮಾತು." ಅವಳು ಅಲ್ಲಿಯೇ ಎದ್ದು ಹೋಗಿ ರೊಟ್ಟಿ ಹಾಕಿಕೊಂಡು ತಿಂದಳು. ಒಲೆಯ ಮುಂದಿದ್ದ ಅವ್ವ ಮಾತ್ರ ತಲೆ ಎತ್ತದೆ ರೊಟ್ಟಿ ಬಡಿಯುತ್ತಲೇ ಇದ್ದಳು. ಅವಳ ಲಗ್ನದ ಹೊತ್ತಿಗೆ ಅವಳ ಮುಂದೆ ಇಂಥ ಪಂದ್ಯ ಯಾರೂ ಇಟ್ಟಿರಲಿಲ್ಲ.

ಆಟ ನಡೆಯುವುದು ರೈಲಿನಲ್ಲಿ ಹಗಲು ರಾತ್ರಿ ಹೋಗಬೇಕಾದ ಪೂರ್ವದ ಕಡೆಯ ಊರಿನಲ್ಲಿ. ಹೊರಡುವ ಮುನ್ನ ಚಿಗವ್ವ ಖಾಲಾಳ ಮನೆಯ ಫೋನಿನ ನಂಬರನ್ನು ನನ್ನ ಮುಂದೆ ಬಾಯಿಪಾಠ ಒಪ್ಪಿಸಿದಳು. "ಫೈನಲ್ ಮುಟ್ಟಿ ಗೆದ್ದರ ಒಂದು ರಿಂಗ್ ಕೊಟ್ಟು ಇಡತೀನಿ. ಸೋತರ ಮಾಡಂಗಿಲ್ಲ" ಎಂದಳು. ಖಾಲಾ ಅವಳ ತಲೆಯ ಮೇಲೆ ಕೈಯಿಟ್ಟು ತುಟಿಯಲ್ಲೇ ಏನೋ ಓದಿ ಊದಿದಳು, ಅವ್ವ ಗುಡಿಯ ಭಸ್ಮ ಹಚ್ಚಿದಳು. ಫೈನಲ್ ತನಕ ಮುಟ್ಟಿದ ಸುದ್ದಿಯನ್ನು ಮಾಸ್ತರರು ಸೈಕಲ್ ಮೇಲೆ ಬಂದು ಹೇಳಿ ಹೋದರು.

ಆ ಭಾನುವಾರ ಮಧ್ಯಾಹ್ನವೇ ಮುತ್ಯಾ ಬಂದ. ತಲೆಯ ಮೇಲೆ ಒಂದು ಬುಟ್ಟಿ, ಬುಟ್ಟಿಯ ತುಂಬ ಹದವಾಗಿ ಮಾಗಿದ ಕೆಂಪು ಬಾಳೆಹಣ್ಣು. ಇಳಿಸಿದೊಡನೆ ಎರಡೂ ಮನೆ ವಾಸನೆಯಿಂದ ತುಂಬಿತು, ಬೆಲ್ಲಕ್ಕೆ ಏಲಕ್ಕಿ ಬಿದ್ದ ಹಾಗಿನ, ಹಸಿವಿಲ್ಲದವರಿಗೂ ಹಸಿವು ತರುವ ವಾಸನೆ. ನಾನು ಕೈ ಹಾಕಲು ಹೋದಾಗ ಅವ್ವ ಕಣ್ಣು ಬಿಟ್ಟಳು. ಅದು ನಮಗಲ್ಲ, ಬ್ರಹ್ಮಪುರದ ಬೀಗರಿಗೆ. ರಿಂಗ್ ಬರದಿದ್ದರೆ ಮುತ್ಯಾ ಆ ಬುಟ್ಟಿ ಹೊತ್ತುಕೊಂಡು ಅಲ್ಲಿಗೆ ಹೋಗಿ ಮಾತು ಮುಗಿಸಿಬಿಡುವವನಿದ್ದ. ಸಂಜೆ ಎಲ್ಲರೂ ಖಾಲಾಳ ಪಡಸಾಲೆಯಲ್ಲಿ ಕುಳಿತೆವು. ಅವಳು ಫೋನಿನ ಮೇಲಿನ ಬಿಳಿ ಬಟ್ಟೆ ತೆಗೆದಿಟ್ಟಿದ್ದಳು. ಮುತ್ಯಾ ಗೋಡೆಗೊರಗಿ, ಬುಟ್ಟಿಯನ್ನು ಮೊಣಕಾಲಿನ ಪಕ್ಕ ಇಟ್ಟುಕೊಂಡು ಕುಳಿತಿದ್ದ. ಬಿಸಿಲು ಅಂಗಳದಿಂದ ಗೋಡೆಗೆ ಏರಿತು, ಗೋಡೆಯಿಂದ ಮಾಳಿಗೆಗೆ ಏರಿತು. ಆಟ ಮುಗಿಯುವ ಹೊತ್ತು ದಾಟಿತು. ಹೆಚ್ಚಿನ ಆಟ, ಶೂಟೌಟು ಇವೆಲ್ಲ ಇರುತ್ತವೆಂದು ನಮಗಾರಿಗೂ ಗೊತ್ತಿರಲಿಲ್ಲ. ಮುತ್ಯಾ ರುಮಾಲು ಸರಿಮಾಡಿಕೊಂಡು, "ಬರ್ತೀನಿ, ಹೊತ್ತಾತು" ಎಂದು ಬುಟ್ಟಿಗೆ ಕೈ ಹಾಕಿದ. ಅವ್ವ ತಲೆ ಕೆಳಗೆ ಹಾಕಿದಳು.

ಆಗ ಫೋನು ಹೊಡೆದುಕೊಂಡಿತು. ಒಂದೇ ಸಲ. ಅಷ್ಟೇ.

ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದ ಖಾಲಾ ಹೊಸ್ತಿಲಲ್ಲಿ ನಿಂತಳು. ಫೋನು ನೋಡಿದಳು, ಮುತ್ಯಾನನ್ನು ನೋಡಿದಳು, ಅವ್ವನ ಬಾಗಿದ ತಲೆಯನ್ನು ನೋಡಿದಳು. ನಾವೆಲ್ಲ ಉಸಿರು ಬಿಡುವ ಮೊದಲೇ ಅವಳು ಮೆಲ್ಲಗೆ, ಮಾಮೂಲಿನ ದನಿಯಲ್ಲಿ ಹೇಳಿದಳು: "ಗೆದ್ದಾಳ ನೋಡ್ರಿ ಕಾಕಾ, ನಿಮ್ಮ ಮಗಳು." ಮುತ್ಯಾನಿಗೆ ಸಿಟ್ಟು ಬರುತ್ತದೆಂದು ನಾನು ಕಾದಿದ್ದೆ. ಅವನು ಬುಟ್ಟಿಯ ಮೇಲಿನ ಅರಿವೆ ಕಿತ್ತು, ಮೇಲಿನ ಚಿಪ್ಪಿನಿಂದ ಒಂದು ಹಣ್ಣು ಮುರಿದು ಖಾಲಾಳ ಕೈಗೆ ಕೊಟ್ಟ. "ತಗೋ ತಂಗಿ. ನಿನ್ನ ಮನಿಗೇ ಸುದ್ದಿ ಬಂದದ." ಖಾಲಾ ಹಿಟ್ಟಿನ ಕೈಯಲ್ಲೇ ಸುಲಿದು ನಮ್ಮೆಲ್ಲರಿಗಿಂತ ಮೊದಲು ತಿಂದಳು. ಆಮೇಲೆ ಬುಟ್ಟಿ ಓಣಿಗೆ ಹೋಯಿತು. ಮುತ್ಯಾ ಮನೆಮನೆಯ ಮುಂದೆ ನಿಂತು, "ನನ್ನ ಮಗಳು ಕಪ್ಪು ಗೆದ್ದಾಳ" ಎಂದು ಹಣ್ಣು ಹಂಚಿದ. ಮಸೀದಿಯಿಂದ ಬರುತ್ತಿದ್ದವರಿಗೆ ಕೊಟ್ಟ, ಬುದ್ಧವಿಹಾರಕ್ಕೆ ಹೊರಟಿದ್ದ ಬಿಳಿ ಸೀರೆಯ ಹೆಣ್ಣುಮಕ್ಕಳಿಗೆ ಕೊಟ್ಟ, ಓಣಿಯ ಎತ್ತಿಗೆ ಸಿಪ್ಪೆ ತಿನಿಸಿದ. ಬರಿಗೈಯಲ್ಲಿ ಬ್ರಹ್ಮಪುರಕ್ಕೆ ನಡೆದು, ಹುಡುಗಿ ಇನ್ನೂ ಆಡುವವಳಿದ್ದಾಳೆ, ಈಗ ಲಗ್ನ ಮಾಡುವುದಿಲ್ಲ ಎಂದು ಹೇಳಿ, ಕೊನೆಯ ಬಸ್ಸಿಗೆ ಕಮಲಾಪುರಕ್ಕೆ ಹೋದ. ಅಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಹಣ್ಣು ಮಾರುವವರ ಬುಟ್ಟಿಗಳನ್ನೂ ಬಿಡದೆ ಕೊಂಡು ಹಂಚಿದನೆಂದು ಆಮೇಲೆ ಕೇಳಿದೆವು.

ಮರುದಿನ ಬೆಳಿಗ್ಗೆ ಮಾಸ್ತರರು ಬಂದರು. ಸೈಕಲ್ಲಿನಿಂದ ಇಳಿಯುವ ರೀತಿಯಲ್ಲೇ ಏನೋ ಆಗಿದೆ ಎಂದು ತಿಳಿಯಿತು. ಓಣಿಯವರು ಒಬ್ಬೊಬ್ಬರಾಗಿ ಬಂದು ಅವರ ಕೈ ಕುಲುಕತೊಡಗಿದಾಗ ಪಾಪ, ಅವರ ಮುಖ ನೋಡಲಾಗುತ್ತಿರಲಿಲ್ಲ. ಒಳಗೆ ಬಂದು ಅವ್ವನಿಗಷ್ಟೇ ಹೇಳಿದರು. "ಪೆನಾಲ್ಟಿದಾಗ ಸೋತೇವ್ರೀ. ಸುವರ್ಣಂದು ಏನೂ ತಪ್ಪಿಲ್ರಿ. ನಮ್ಮವರೇ ಹೊಡಿಲಿಲ್ಲ." ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅಂಗಳದ ಆಚೆ ಖಾಲಾ ಅಕ್ಕಿ ಕೇರುತ್ತಿದ್ದಳು. ಮೊರದ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಸುಳ್ಳನ್ನು ಇಟ್ಟುಕೊಂಡು ಕೂರುವ ಜಾತಿಯವಳಲ್ಲ ಅವ್ವ. ಆಗಲೇ ನನ್ನ ಕೈ ಹಿಡಿದು ಕಮಲಾಪುರದ ಬಸ್ಸು ಹತ್ತಿದಳು. ತಂಗಿಯ ಬಾಳು ತನ್ನ ಬಾಯಿಂದಲೇ ಮುರಿಯಬೇಕಾಗಿದೆ ಎಂಬ ಸಂಕಟ ಅವಳದು. ಅದು ನನಗೆ ಆಗ ಪೂರ್ತಿ ತಿಳಿಯದಿದ್ದರೂ, ಬಸ್ಸಿಳಿಯುವ ತನಕ ಅವಳು ನನ್ನ ಕೈ ಬಿಡದಿದ್ದುದು ನೆನಪಿದೆ. ಮುತ್ಯಾ ತೋಟದಲ್ಲಿ ಏಣಿಯ ಮೇಲಿದ್ದ. ಬಾಳೆ ಎಲೆಗಳ ಹಸಿರು ಬೆಳಕಿನಲ್ಲಿ ಅವನ ಧೋತರವೂ ಹಸಿರಾಗಿ ಕಾಣುತ್ತಿತ್ತು. ಅವ್ವ ಕೆಳಗೆ ನಿಂತು ಎಲ್ಲ ಹೇಳಿದಳು. ರಿಂಗ್ ಸುವರ್ಣಳದಲ್ಲ, ಯಾರದೋ, ಅವರು ಸೋತಿದ್ದಾರೆ. ಮುತ್ಯಾ ಏಣಿಯ ಮೇಲೆಯೇ ಕುಡುಗೋಲಿನ ಅಲಗನ್ನು ಧೋತರಕ್ಕೆ ಒರೆಸಿಕೊಂಡ.

"ಹಣ್ಣ ಎಲ್ಲಾರೂ ತಿಂದಾರಲ್ಲ?" ಎಂದು ಕೇಳಿದ.

"ತಿಂದಾರಪ್ಪಾ."

"ತಿಂದ ಹಣ್ಣ ಹೊಳ್ಳಿ ಕೇಳಾಕ ಬರತದೇನು? ಬೀಗರ ಮುಂದ ಗೆದ್ದಾಳ ಅಂತ ಹೇಳೀನಿ, ಊರ ಮುಂದ ಹೇಳೀನಿ. ಅಂದ ಮ್ಯಾಲ ಗೆದ್ದಾಳ. ಹಿಡಿ, ಈ ಗೊನಿ ಹಿಡಿ. ನೆಲಕ್ಕ ಬಿಡಬ್ಯಾಡ."

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಳಗೆ ನಿಂತಳು. ಲಗ್ನವಾದ ಮೇಲೆ ಅವಳು ಗೊನೆ ಹಿಡಿದದ್ದು ಅದೇ ಮೊದಲು. ಗೊನೆ ಬಂತು, ಅವಳು ಒಂದು ಹೆಜ್ಜೆ ಹಿಂದಕ್ಕೆ ವಾಲಿ, ಎದೆಗೆ ಹಿಡಿದು ನಿಂತಳು. ಆಗ ಅತ್ತಳು. ಮುತ್ಯಾ ಮೇಲಿನಿಂದ ನೋಡಿಯೂ ನೋಡದವನಂತೆ ಮುಂದಿನ ಗಿಡಕ್ಕೆ ಏಣಿ ಒರಗಿಸಿದ.

ಚಿಗವ್ವ ಬರುವ ದಿನ ಮುತ್ಯಾನೇ ನಮ್ಮನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದ. ಅವಳು ಚೀಲ ಹೊತ್ತು ಇಳಿದಳು, ಅಪ್ಪನನ್ನು ಕಂಡು ಅಲ್ಲೇ ನಿಂತಳು. ಮೊಣಕೈಗೆ ಪಟ್ಟಿ ಸುತ್ತಿತ್ತು, ಮುಖ ಸಣ್ಣದಾಗಿತ್ತು. ಬ್ರಹ್ಮಪುರದ ಮನೆ ಎದುರಿಗೇ ಕಂಡಂತೆ ನಿಂತಿದ್ದಳು. ಮುತ್ಯಾ ಚೀಲ ಇಸಿದುಕೊಂಡ.

"ಎಷ್ಟು ಹಿಡದಿ?"

"ಎರಡು."

"ಬಿಟ್ಟದ್ದು?"

"ಮೂರು. ನಮ್ಮವರು ಎರಡೇ ಹೊಡದ್ರಪ್ಪಾ."

"ಹಿಡಿಯೋರು ಹಿಡಿದ್ರೂ ಹೊಡಿಯೋರು ಹೊಡಿಬೇಕಲ್ಲ. ನಡಿ. ಬ್ರಹ್ಮಪುರದವರಿಗಿ ಇಲ್ಲ ಅಂತ ಹೇಳೀನಿ."

ಅವಳಿಗೆ ಅರ್ಥವಾಗಲಿಲ್ಲ. ಅವ್ವ ರಿಂಗಿನ ವಿಷಯ ಹೇಳಿದಾಗ, "ನಾ ಮಾಡೇ ಇಲ್ಲಲ್ಲಕ್ಕಾ, ಬೂತಿನ ತನಕ ಹೋಗಿ ಹೊಳ್ಳಿ ಬಂದೆ" ಎಂದಳು. ಮುತ್ಯಾ ತಿರುಗಿ ನೋಡದೆ ಮುಂದೆ ನಡೆಯುತ್ತ, "ಹೊಡಕೊಂಡದ್ದು ನಾ ನನ್ನ ಕಿವಿಲೇ ಕೇಳೀನಿ" ಎಂದ. ಆ ಮಾತು ಅಲ್ಲಿಗೆ ಮುಗಿಯಿತು. ಅಂಗಳದಲ್ಲಿ ಕಾದು ನಿಂತಿದ್ದ ಖಾಲಾ ಅವಳನ್ನು ತಬ್ಬಿಕೊಂಡು, "ಜೀತ್ ಕೋ ಆಯೀ ಮೇರೀ ಬಚ್ಚೀ, ಗೆದ್ದು ಬಂದಾಳ" ಎಂದು ನೆಟಿಕೆ ಮುರಿದಳು. ಸೋತು ಬಂದವಳು ಅವಳ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಚಿಗವ್ವ ಇನ್ನೂ ಹಲವು ವರ್ಷ ಆಡಿದಳು. ಕಪ್ಪನ್ನು ಒಮ್ಮೆಯೂ ಗೆಲ್ಲಲಿಲ್ಲ. ಮುಂದೆ ಧಾರವಾಡದ ಕಡೆ ಶಾಲೆಯೊಂದರಲ್ಲಿ ಹುಡುಗಿಯರಿಗೆ ಆಟ ಕಲಿಸುವ ಕೆಲಸಕ್ಕೆ ಸೇರಿದಳು, ತನಗೆ ಮನಸ್ಸು ಬಂದಾಗ, ತಾನು ಮೆಚ್ಚಿದವನನ್ನು ಲಗ್ನವಾದಳು. ಆ ಲಗ್ನದಲ್ಲಿ ಮುತ್ಯಾ ಪಂಗತಿಯಲ್ಲಿ ಕುಳಿತವರಿಗೆಲ್ಲ ತನ್ನ ಕೈಯಾರೆ ಕೆಂಪು ಬಾಳೆಹಣ್ಣು ಬಡಿಸಿದ. ಅವನು ಹೋದ ಮೇಲೆ ತೋಟ ಪಾಲಾಯಿತು. ಗಾದಿ ಚಾಚಾ ತೀರಿಕೊಂಡರು, ಫೋಮಿನ ಹಾಸಿಗೆ ಬಂದು ಅಂಗಡಿ ಮುಚ್ಚಿತು. ಮನೆ ಮಾರಿ ಖಾಲಾ ಮಗನ ಜೊತೆ ಹೈದರಾಬಾದಿಗೆ ಹೊರಟಾಗ, ಸಾಮಾನು ಕಟ್ಟಲು ನಾನೂ ಹೋಗಿದ್ದೆ. ಆ ಹಳೆಯ ಫೋನನ್ನು ಬಿಳಿ ಬಟ್ಟೆಯಲ್ಲಿ ಸುತ್ತುತ್ತಿರುವಾಗ ಇಲಿಯಾಸ್ ಭಾಯಿ ಮಾತಿಗೆ ಮಾತು ಬಂದು ಹೇಳಿದ. ಚಿಗವ್ವನ ಫೈನಲ್ಲಿನ ದಿನ ತಾನು ಊರಲ್ಲಿರಲಿಲ್ಲವಂತೆ, ಹೈದರಾಬಾದಿಗೆ ಹೋಗಿದ್ದನಂತೆ, ಬಸ್ಸು ಕೆಟ್ಟು ತಡವಾಗಿ ಸಂಜೆ ಮುಟ್ಟಿದನಂತೆ. ಅವನು ಸಾಮಾನು ಹೊತ್ತು ಹೊರಗೆ ಹೋದ. ನನ್ನ ಕೈ ನಿಂತಿತು. ಆ ಸಂಜೆ ಹಿಟ್ಟಿನ ಕೈಯಲ್ಲಿ ಹಣ್ಣು ಸುಲಿದು, ಎಲ್ಲರಿಗಿಂತ ಮೊದಲು ತಿಂದವಳು ಕಣ್ಣ ಮುಂದೆ ಬಂದಳು. ಮಗ ರಸ್ತೆಯಲ್ಲಿದ್ದರೆ ಚಹಾ ಕೂಡ ಕುಡಿಯದ ಖಾಲಾ.

"ನಿಮಗ ಗೊತ್ತಿತ್ತು ಖಾಲಾ" ಎಂದೆ.

ಅವಳು ಟ್ರಂಕಿನ ಮೇಲೆ ಕುಳಿತಿದ್ದಳು. ಕಣ್ಣು ಆಗಲೇ ಮಂಜಾಗಿತ್ತು. ನನ್ನ ಕಡೆ ತಿರುಗಿ ನಕ್ಕಳು. "ನನ್ನ ಕೂಸು ಮುಟ್ಟಿತ್ತು. ಆಕಿನೂ ಮುಟ್ಟಲಿ ಅಂದೆ. ಅಷ್ಟೇ ಬೇಟೀ."

ಈಗ ಗಾಜಿಪುರದ ಆ ಜಾಗದಲ್ಲಿ ಮೊಬೈಲ್ ಅಂಗಡಿಗಳಿರುವ ಕಟ್ಟಡ ಎದ್ದಿದೆ. ಆ ಕಡೆ ಹೋದಾಗ ನಾನು ರಸ್ತೆಯ ಎದುರು ಬದಿಯಲ್ಲಿ ನಡೆಯುತ್ತೇನೆ. ಅಂಗಳ ಇಲ್ಲ, ಅಂಗಳದಲ್ಲಿ ಹಾರುತ್ತಿದ್ದ ಹತ್ತಿ ಇಲ್ಲ, ಅವ್ವ ಇಲ್ಲ, ಮುತ್ಯಾ ಇಲ್ಲ. ಖಾಲಾ ಹೋದ ಸುದ್ದಿಯನ್ನು ಇಲಿಯಾಸ್ ಭಾಯಿ ಹೈದರಾಬಾದಿನಿಂದ ಪೂರ್ತಿ ಫೋನು ಮಾಡಿಯೇ ಹೇಳಿದ; ಅದನ್ನು ಹೇಳಲು ಒಂದು ರಿಂಗ್ ಸಾಕಾಗುವುದಿಲ್ಲ. ಟ್ರಂಕಿನ ಮೇಲೆ ಕುಳಿತು ಅವಳು ಆಡಿದ್ದ ಮಾತನ್ನು ನಾನು ಚಿಗವ್ವನಿಗೆ ಹೇಳಿದ್ದು ಆ ದಿನವೇ. ಅಲ್ಲಿಂದ ಇಲ್ಲಿಯ ತನಕ, ಯಾವ ಕಪ್ಪೇ ಇರಲಿ, ಯಾವ ಊರಿನ ತಂಡವೇ ಇರಲಿ, ಆಟ ಪೆನಾಲ್ಟಿಗೆ ಬಂದು ಮುಗಿದರೆ ಚಿಗವ್ವ ಧಾರವಾಡದಿಂದ ನನಗೆ ಒಂದು ರಿಂಗ್ ಕೊಟ್ಟು ಇಡುತ್ತಾಳೆ. ಗೆದ್ದವರು ಯಾರೆಂದು ನಾನು ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ.

ಮೊನ್ನೆ ಟಿ.ವಿ.ಯಲ್ಲಿ ಗೆದ್ದವರು ಕುಣಿಯುತ್ತಿದ್ದರು. ಸೋತ ಕಡೆಯ ಗೋಲಿ, ಎಳೆಯ ಹುಡುಗ, ಕಂಬಕ್ಕೆ ಒರಗಿ ಕುಳಿತಿದ್ದ. ನಾನು ಫೋನು ಎತ್ತಲಿಲ್ಲ, ತಿರುಗಿ ಮಾಡಲಿಲ್ಲ; ಆ ಪದ್ಧತಿ ನಮ್ಮಲ್ಲಿಲ್ಲ. ಅಡುಗೆಮನೆಗೆ ಹೋಗಿ, ಕಮಲಾಪುರದಿಂದ ಬಂದವರು ಕೊಟ್ಟಿದ್ದ ಚಿಪ್ಪಿನಿಂದ ಒಂದು ಕೆಂಪು ಬಾಳೆಹಣ್ಣು ಮುರಿದುಕೊಂಡೆ. ಚಪಾತಿಗೆಂದು ಹಿಟ್ಟು ಕಲಸಿದ್ದ ಕೈಯನ್ನು ತೊಳೆಯದೆ ಹಾಗೇ ಸುಲಿದು, ನಿಂತಲ್ಲೇ ತಿಂದೆ.